ಬರೆದಿಟ್ಟದ್ದು ಉಳಿಯಿತು: ಚಿಲಿಯ ವಿಕರೀಯ ಸಂಸ್ಥೆಗೆ ಐವತ್ತು ವರ್ಷ

1976ರ ಜನವರಿ 1ರಂದು, ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೊದಲ್ಲಿ, ಅಲ್ಲಿನ ಕ್ಯಾಥೊಲಿಕ್ ಆರ್ಚ್‌ಬಿಷಪ್ ಕಾರ್ಡಿನಲ್ ರಾವುಲ್ ಸಿಲ್ವಾ ಹೆನ್ರಿಕೆಸ್ ತಮ್ಮ ಧರ್ಮಪ್ರಾಂತ್ಯದೊಳಗೆ ಒಂದು ಹೊಸ ಇಲಾಖೆ ತೆರೆದರು. ಅದರ ಹೆಸರು ‘ವಿಕರೀಯ ದೆ ಲಾ ಸೊಲಿದರಿದಾದ್’. ಸರ್ಕಾರದ ಕೈಯಲ್ಲಿ ನಲುಗಿದವರ ಬೆನ್ನಿಗೆ ನಿಲ್ಲುವುದು ಅದರ ಕೆಲಸ. ಹದಿನೇಳು ವರ್ಷ ಆ ಕೆಲಸ ಮಾಡಿ 1992ರ ಡಿಸೆಂಬರ್ 31ಕ್ಕೆ ಅದು ಬಾಗಿಲು ಮುಚ್ಚಿತು. ಮುಚ್ಚಿ ಮೂವತ್ತು ವರ್ಷ ದಾಟಿದ ಸಂಸ್ಥೆಯ ಸುವರ್ಣ ವರ್ಷವನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಅದು ಬರೆದಿಟ್ಟ ಕಾಗದಗಳು ಇನ್ನೂ ಕೆಲಸದಲ್ಲಿವೆ. ಚಿಲಿಯ ನ್ಯಾಯಾಲಯಗಳು ಅವನ್ನು ಸಾಕ್ಷ್ಯವಾಗಿ ಓದಿವೆ, ಸತ್ಯಶೋಧನಾ ಆಯೋಗಗಳು ಅವುಗಳ ಮೇಲೆಯೇ ತಮ್ಮ ವರದಿ ಕಟ್ಟಿವೆ, ಕಾಣೆಯಾದವರನ್ನು ಹುಡುಕುವವರು ಇಂದಿಗೂ ಅವನ್ನೇ ತಿರುವಿ ಹಾಕುತ್ತಾರೆ.

ಪ್ರಭುತ್ವವೇ ಗಾಯ ಮಾಡಿದಾಗ ಮನಸ್ಸು ಮಾಯುವುದು ಹೇಗೆ, ಒಡೆದ ಸಮಾಜ ಮತ್ತೆ ಕೂಡುವುದು ಹೇಗೆ ಎಂಬ ಪ್ರಶ್ನೆಗೆ ಜಗತ್ತಿನ ಹಲವು ದೇಶಗಳು ಹಲವು ಬಗೆಯ ಉತ್ತರ ಹುಡುಕಿವೆ. ವಿಕರೀಯ ಕಂಡುಕೊಂಡ ಉತ್ತರ ತೀರ ಸಾದಾ. ಬಂದವರ ಮಾತನ್ನು ನಂಬಬೇಕು, ಅಂದೇ ಬರೆದುಕೊಳ್ಳಬೇಕು, ಬರೆದದ್ದನ್ನು ಪ್ರಾಣ ಹೋದರೂ ಕಾಪಾಡಬೇಕು. ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ಈ ಸಂಸ್ಥೆಯ ಚರಿತ್ರೆ ಎಂದರೆ ಆ ಮೂರು ಕೆಲಸಗಳ ಚರಿತ್ರೆಯೇ.

ಹಿನ್ನೆಲೆ

ಕವಿ ನೆರೂಡನ ಮೂಲಕ ಚಿಲಿಯನ್ನು ಬಲ್ಲ ಕನ್ನಡ ಓದುಗರಿಗೆ 1973ರ ಸೆಪ್ಟೆಂಬರ್ ಅಪರಿಚಿತವಲ್ಲ. 11ನೇ ತಾರೀಖು ಸೇನೆ ದಂಗೆಯೆದ್ದಿತು. ಚುನಾಯಿತ ಅಧ್ಯಕ್ಷ ಸಾಲ್ವಡಾರ್ ಅಯೆಂದೆ ಅಂದೇ ಅಧ್ಯಕ್ಷರ ಅರಮನೆ ಲಾ ಮೊನೇದಾದಲ್ಲಿ ಪ್ರಾಣ ಬಿಟ್ಟರು. ಹನ್ನೆರಡು ದಿನಗಳ ನಂತರ ನೆರೂಡ ತೀರಿಕೊಂಡ. ಅಷ್ಟರಲ್ಲಿ ಸ್ಯಾಂಟಿಯಾಗೊದ ರಾಷ್ಟ್ರೀಯ ಕ್ರೀಡಾಂಗಣ ಸಾವಿರಾರು ಜನರ ಸೆರೆಮನೆಯಾಗಿತ್ತು. ಗಾಯಕ ವಿಕ್ಟರ್ ಹಾರಾನನ್ನು ಇನ್ನೊಂದು ಕ್ರೀಡಾಂಗಣದಲ್ಲಿ ಹಿಂಸಿಸಿ ಕೊಂದಿದ್ದರು. ಜನರಲ್ ಅಗಸ್ಟೊ ಪಿನೊಶೆಯ ಆಡಳಿತ ಮುಂದೆ ಹದಿನಾರೂವರೆ ವರ್ಷ ನಡೆಯಿತು. ಕೊಲೆಯಾದವರು ಮತ್ತು ಬಂಧನಕ್ಕೊಳಗಾಗಿ ಕಾಣೆಯಾದವರು 3,200ಕ್ಕೂ ಹೆಚ್ಚು ಎಂದು ಚಿಲಿಯ ಸರ್ಕಾರವೇ ಮುಂದೆ ಒಪ್ಪಿಕೊಂಡಿತು.

ದಂಗೆಯ ಮರುತಿಂಗಳೇ, ಅಕ್ಟೋಬರ್‌ನಲ್ಲಿ, ಕ್ಯಾಥೊಲಿಕ್, ಲೂಥರನ್, ಮೆಥಡಿಸ್ಟ್ ಮೊದಲಾದ ಚರ್ಚುಗಳೂ ಯಹೂದಿ ಸಮುದಾಯವೂ ಸೇರಿ ‘ಕೊಮಿತೆ ಪ್ರೊ ಪಾಸ್’ ಎಂಬ ಶಾಂತಿ ಸಮಿತಿ ರಚಿಸಿದವು. ಅದರ ಮುಂದಾಳುಗಳು ಕ್ಯಾಥೊಲಿಕ್ ಬಿಷಪ್ ಫೆರ್ನಾಂದೊ ಅರಿಸ್ತಿಯಾ ಮತ್ತು ಲೂಥರನ್ ಬಿಷಪ್ ಹೆಲ್ಮುಟ್ ಫ್ರೆನ್ಸ್. ಮೊದಲು ಅವರ ಮುಂದಿದ್ದದ್ದು ತುರ್ತಿನ ಕೆಲಸಗಳು. ಕೆಲಸ ಕಳೆದುಕೊಂಡವರಿಗೆ ಅನ್ನ, ಜೈಲಿನಲ್ಲಿದ್ದವರಿಗೆ ವಕೀಲರು, ದೇಶ ಬಿಡಬೇಕಾದವರಿಗೆ ದಾರಿ. ಆದರೆ ಬಾಗಿಲಿಗೆ ಬಂದ ಹೆಂಗಸರಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: ನನ್ನ ಗಂಡನನ್ನು, ನನ್ನ ಮಗನನ್ನು ಕರೆದೊಯ್ದರು, ಎಲ್ಲಿದ್ದಾನೆ? ಪೊಲೀಸ್ ಠಾಣೆ, ಸೇನಾ ಶಿಬಿರ, ಆಸ್ಪತ್ರೆ, ಶವಾಗಾರ, ಎಲ್ಲ ಕಡೆಯೂ ಅವರಿಗೆ ಸಿಕ್ಕ ಉತ್ತರವೂ ಒಂದೇ: ಆ ಹೆಸರಿನವರು ನಮ್ಮಲ್ಲಿಲ್ಲ.

ಈ ಸುಳ್ಳಿಗೆ ಎದುರು ನಿಲ್ಲುವುದು ಹೇಗೆಂದು ಸಮಿತಿ ಕಲಿತದ್ದು 1975ರ ಜುಲೈನಲ್ಲಿ. 119 ಚಿಲಿಯನ್ನರು ವಿದೇಶಗಳಲ್ಲಿ ತಮ್ಮತಮ್ಮಲ್ಲೇ ಹೊಡೆದಾಡಿ ಸತ್ತರೆಂದು ಅರ್ಜೆಂಟೀನಾ ಮತ್ತು ಬ್ರೆಜಿಲ್‌ನ ಎರಡು ಪತ್ರಿಕೆಗಳು ಪಟ್ಟಿ ಪ್ರಕಟಿಸಿದವು. ಚಿಲಿಯ ಪತ್ರಿಕೆಗಳು ಅದನ್ನು ದೊಡ್ಡ ಅಕ್ಷರದಲ್ಲಿ ಮರುಮುದ್ರಿಸಿದವು. ಆ ಎರಡೂ ಪತ್ರಿಕೆಗಳು ಈ ಸುದ್ದಿಗೆಂದೇ ಹುಟ್ಟಿಸಿದವು ಎಂಬುದು ಬಯಲಾಗಲು ತಡವಾಗಲಿಲ್ಲ. ಪಟ್ಟಿಯಲ್ಲಿದ್ದವರು ಚಿಲಿಯಲ್ಲೇ, ಸಾಕ್ಷಿಗಳ ಕಣ್ಣೆದುರೇ ಬಂಧನಕ್ಕೊಳಗಾದವರೆಂಬ ದಾಖಲೆ ಸಮಿತಿಯ ಕಡತಗಳಲ್ಲಿತ್ತು. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ಚಿಲಿಯ ಪ್ರತಿನಿಧಿ, ಕಾಣೆಯಾದವರೆಂದು ಹೇಳಲಾಗುತ್ತಿರುವ ಅನೇಕರಿಗೆ ಕಾನೂನಿನ ಪ್ರಕಾರ ಅಸ್ತಿತ್ವವೇ ಇಲ್ಲ ಎಂದ. ಹುಟ್ಟಿಯೇ ಇಲ್ಲ ಎನ್ನಿಸಿಕೊಂಡವರ ಮನೆಯವರಿಗೆ ಹೆಸರು, ದಿನಾಂಕ, ಗಂಟೆ, ಬೀದಿ ನಮೂದಿಸಿದ ಒಂದು ಹಾಳೆ ಎಷ್ಟು ದೊಡ್ಡದಿತ್ತೆಂದು ಊಹಿಸಬಹುದು.

ಆ ವರ್ಷದ ನವೆಂಬರ್‌ನಲ್ಲಿ ಪಿನೊಶೆ ಕಾರ್ಡಿನಲ್‌ಗೆ ಪತ್ರ ಬರೆದು ಸಮಿತಿಯನ್ನು ಮುಚ್ಚುವಂತೆ ಒತ್ತಾಯಿಸಿದ. ಬಿಷಪ್ ಫ್ರೆನ್ಸ್ ದೇಶಕ್ಕೆ ಮರಳದಂತೆ ಅಷ್ಟರಲ್ಲೇ ಆಜ್ಞೆಯಾಗಿತ್ತು. ಕಾರ್ಡಿನಲ್ ಸಮಿತಿಯನ್ನು ಮುಚ್ಚಿದರು. ಹೊಸ ವರ್ಷದ ದಿನವೇ ವಿಕರೀಯವನ್ನು ತೆರೆದರು. ಹಲವು ಚರ್ಚುಗಳು ಕೂಡಿ ಕಟ್ಟಿದ ಸಮಿತಿಯನ್ನು ಒಂದು ಪತ್ರದಿಂದ ಮುಚ್ಚಿಸಬಹುದಿತ್ತು. ಆರ್ಚ್‌ಬಿಷಪ್ಪರ ಆಡಳಿತದ ಅಂಗವನ್ನೇ ಮುಚ್ಚಿಸಬೇಕಾದರೆ ರೋಮ್ ಜೊತೆಗೇ ಜಗಳಕ್ಕೆ ನಿಲ್ಲಬೇಕು. ಮುದುಕ ಕಾರ್ಡಿನಲ್ ಕಾನೂನು ಓದಿದವರು. ಲೆಕ್ಕ ಹಾಕಿಯೇ ಹೆಜ್ಜೆ ಇಟ್ಟಿದ್ದರು.

ಮೇಜಿನ ಎರಡೂ ಬದಿ

ಪ್ಲಾಸಾ ದೆ ಆರ್ಮಾಸ್ ಸ್ಯಾಂಟಿಯಾಗೊದ ನಟ್ಟನಡುವಿನ ಚೌಕ. ಅಲ್ಲಿನ ಕೆಥೆಡ್ರಲ್‌ನ ಪಕ್ಕದಲ್ಲೇ ವಿಕರೀಯದ ಕಚೇರಿ. ಒಳಗೆ ಬಂದವರನ್ನು ಮೊದಲು ಎದುರುಗೊಳ್ಳುತ್ತಿದ್ದವರು ಸಮಾಜ ಕಾರ್ಯಕರ್ತೆಯರು. ಅವರು ಕೂರಿಸಿ, ಪೂರ್ತಿ ಕೇಳಿ, ಒಂದು ಕಾರ್ಡಿನಲ್ಲಿ ವಿವರ ತುಂಬುತ್ತಿದ್ದರು. ಕರೆದೊಯ್ದವರು ಎಷ್ಟು ಮಂದಿ, ಸಮವಸ್ತ್ರವಿತ್ತೇ, ವಾಹನ ಯಾವುದು, ನೋಡಿದವರು ಯಾರು, ಆತ ಯಾವ ಬಣ್ಣದ ಅಂಗಿ ತೊಟ್ಟಿದ್ದ. ಅಲ್ಲಿಂದ ಮುಂದೆ ವಕೀಲರ ಕೋಣೆ. ಬಂಧಿತನನ್ನು ಹಾಜರುಪಡಿಸುವಂತೆ ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿ ಅಂದಂದೇ ಸಿದ್ಧವಾಗಿ ನ್ಯಾಯಾಲಯಕ್ಕೆ ಹೋಗುತ್ತಿತ್ತು. ಬಿಡುಗಡೆಯಾಗಿ ಬಂದವರನ್ನು ವೈದ್ಯರು ಪರೀಕ್ಷಿಸಿ ಮೈಮೇಲಿನ ಗುರುತುಗಳನ್ನು ಬರೆದಿಡುತ್ತಿದ್ದರು.

ಈ ಅರ್ಜಿಗಳ ಗತಿ ಏನಾಯಿತು? ಸಾವಿರಾರು ಸಲ್ಲಿಸಿದರು. ನ್ಯಾಯಾಲಯಗಳು ಎತ್ತಿಹಿಡಿದದ್ದು ಬೆರಳೆಣಿಕೆಯಷ್ಟು. ಒಳಾಡಳಿತ ಸಚಿವಾಲಯವನ್ನು ವಿಚಾರಿಸುವುದು, ಇಲ್ಲ ಎಂಬ ಉತ್ತರ ಬಂದೊಡನೆ ಅರ್ಜಿ ವಜಾ ಮಾಡುವುದು, ಇದು ರೂಢಿಯಾಗಿತ್ತು. ಸೋಲುವುದು ಗೊತ್ತಿದ್ದೂ ವಕೀಲರು ಅರ್ಜಿ ಹಾಕುತ್ತಲೇ ಹೋದರು. ವಜಾ ಆದ ಅರ್ಜಿಯೂ ಸರ್ಕಾರಿ ಮೊಹರು ಬಿದ್ದ ದಾಖಲೆ ಎಂಬುದು ಅವರ ದೂರದೃಷ್ಟಿ. ಇಂಥ ದಿನ ಇಂಥವನ ಬಗ್ಗೆ ನ್ಯಾಯಾಲಯಕ್ಕೆ ತಿಳಿಸಲಾಗಿತ್ತು, ನ್ಯಾಯಾಲಯ ಸುಮ್ಮನಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಬೇಕಿಲ್ಲ.

ಕಾನೂನಿನ ಕೋಣೆಯ ಆಚೆಗೂ ಕೆಲಸ ಹರಡಿತ್ತು. ಬಡಾವಣೆಗಳಲ್ಲಿ ಮಕ್ಕಳಿಗೆ ಊಟದ ಮನೆಗಳು, ನಿರುದ್ಯೋಗಿಗಳ ಸಹಕಾರಿ ಗುಂಪುಗಳು, ‘ಸೊಲಿದರಿದಾದ್’ ಎಂಬ ಪತ್ರಿಕೆ. ಹೊರದೇಶಗಳಲ್ಲಿ ಹೆಸರಾದದ್ದು ಅರ್ಪಿಯೆರಾ. ಗೋಣಿಬಟ್ಟೆಯ ಮೇಲೆ ಹಳೆ ಬಟ್ಟೆಯ ಚೂರುಗಳನ್ನು ಹೊಲಿದು ಕಟ್ಟುವ ಚಿತ್ರಗಳಿವು. ನಮ್ಮ ಅಜ್ಜಿಯರ ಕೌದಿಯ ಸೋದರಸಂಬಂಧಿ ಎನ್ನಬಹುದು. ಕಾಣೆಯಾದವರ ತಾಯಂದಿರು, ಹೆಂಡಿರು ಶಾಂತಿ ಸಮಿತಿಯ ಕಾಲದಲ್ಲೇ ಕೂಡಿ ಹೊಲಿಯಲು ಆರಂಭಿಸಿದ್ದರು. ಚಿತ್ರದಲ್ಲಿ ಆಂಡಿಸ್ ಪರ್ವತ, ಸೂರ್ಯ, ಮನೆಸಾಲು ಇರುತ್ತಿದ್ದವು. ಅವುಗಳ ನಡುವೆ ಸೇನೆಯ ಲಾರಿ, ಮುಚ್ಚಿದ ಕಾರ್ಖಾನೆ, ಖಾಲಿ ಕುರ್ಚಿ. ವಿಕರೀಯ ಅವನ್ನು ಕೊಂಡು ಹೊರದೇಶಗಳಿಗೆ ಕಳುಹಿಸುತ್ತಿತ್ತು. ಮನೆಗೆ ಒಂದಿಷ್ಟು ದುಡ್ಡು ಬರುತ್ತಿತ್ತು. ಒಬ್ಬಳೇ ಅಳುವುದು ತಪ್ಪಿ, ಹತ್ತು ಜನರ ನಡುವೆ ಕೂತು ಕೈ ಆಡಿಸುತ್ತ ಮಾತಾಡುವುದು ಸಾಧ್ಯವಾಯಿತು. ಜೊತೆಗೆ ಚಿಲಿಯ ಪತ್ರಿಕೆಗಳಲ್ಲಿ ಬಾರದ ಸುದ್ದಿ ಗಡಿ ದಾಟಿತು.

ಲೊಂಕೆನ್

1978ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಏಪ್ರಿಲ್‌ನಲ್ಲಿ ಸರ್ಕಾರ 2191ನೇ ಸುಗ್ರೀವಾಜ್ಞೆ ಹೊರಡಿಸಿ, ದಂಗೆಯ ದಿನದಿಂದ ಆ ವರ್ಷದ ಮಾರ್ಚ್ 10ರವರೆಗಿನ ಅಪರಾಧಗಳಿಗೆ ಕ್ಷಮಾದಾನ ಘೋಷಿಸಿತು. ಅದೇ ವರ್ಷ ವಿಕರೀಯಕ್ಕೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಬಂತು.

ಆ ವರ್ಷದ ಕೊನೆಗೆ ಸ್ಯಾಂಟಿಯಾಗೊದ ಹೊರವಲಯದ ಲೊಂಕೆನ್‌ನಲ್ಲಿ, ಪಾಳುಬಿದ್ದ ಸುಣ್ಣದ ಗೂಡಿನಲ್ಲಿ ಮನುಷ್ಯರ ಮೂಳೆಗಳಿವೆ ಎಂಬ ಗುಟ್ಟಿನ ಸುದ್ದಿ ವಿಕರೀಯಕ್ಕೆ ಮುಟ್ಟಿತು. ಸುದ್ದಿಯನ್ನು ನೇರ ಪೊಲೀಸರಿಗೆ ಕೊಟ್ಟರೆ ಮೂಳೆಗಳೂ ಕಾಣೆಯಾಗುತ್ತವೆಂಬುದು ಅವರಿಗೆ ಗೊತ್ತಿತ್ತು. ಬಿಷಪ್, ವಕೀಲರು, ಪತ್ರಿಕಾ ಸಂಪಾದಕರು ಸೇರಿದ ಒಂದು ತಂಡ ನವೆಂಬರ್ 30ರಂದು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿತು. ಬಳಿಕ ವಿಷಯವನ್ನು ಸುಪ್ರೀಂ ಕೋರ್ಟ್‌ನ ಮುಂದಿಟ್ಟರು. ಸಿಕ್ಕಿದ್ದು ಇಸ್ಲಾ ದೆ ಮೈಪೊ ಊರಿನ 15 ಮಂದಿಯ ಅವಶೇಷ. ಒಂದೇ ಮನೆಯ ತಂದೆ ಮತ್ತು ನಾಲ್ವರು ಗಂಡುಮಕ್ಕಳು ಅವರಲ್ಲಿದ್ದರು. 1973ರ ಅಕ್ಟೋಬರ್ 7ರಂದು ಪೊಲೀಸರು ಹಿಡಿದೊಯ್ದಿದ್ದ ಕೃಷಿ ಕಾರ್ಮಿಕರು ಅವರು. ಕತ್ತಲಲ್ಲಿ ಗುಂಡಿನ ಚಕಮಕಿ ನಡೆಯಿತೆಂಬ ಪೊಲೀಸರ ಕಥೆಯನ್ನು ತನಿಖಾ ನ್ಯಾಯಾಧೀಶ ಅದೊಲ್ಫೊ ಬನ್ಯಾದೊಸ್ ನಂಬಲಿಲ್ಲ. ಆದರೆ ಪ್ರಕರಣ ಸೇನಾ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಕ್ಷಮಾದಾನದ ಕಾನೂನು ಪೊಲೀಸರನ್ನು ಪಾರುಮಾಡಿತು.

1979ರ ಸೆಪ್ಟೆಂಬರ್‌ನಲ್ಲಿ ಅವಶೇಷಗಳನ್ನು ಮನೆಯವರಿಗೆ ಒಪ್ಪಿಸುತ್ತೇವೆಂದು ಹೇಳಲಾಗಿತ್ತು. ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಜನ ನೆರೆದು ಕಾಯುತ್ತಿರುವಾಗಲೇ ಅಧಿಕಾರಿಗಳು ಅವನ್ನು ಊರಿನ ಸ್ಮಶಾನದ ಸಾಮೂಹಿಕ ಗುಂಡಿಗೆ ಹಾಕಿದರು. ಗೂಡುಗಳನ್ನು ಮುಂದೆ ಸಿಡಿಮದ್ದಿಟ್ಟು ಕೆಡವಿದರು. ಮನೆಯವರು ಮತ್ತೆ ಗುರುತು ಹಿಡಿಸಿ, ಹೆಸರಿಟ್ಟು, ಮಣ್ಣು ಮಾಡಿದ್ದು 2010ರಲ್ಲಿ. ಆದರೂ ಲೊಂಕೆನ್ ಒಂದು ಗಡಿಗಲ್ಲು. ಕಾಣೆಯಾದವರು ಎಲ್ಲೋ ಬದುಕಿದ್ದಾರೆ, ಪರದೇಶಕ್ಕೆ ಓಡಿಹೋಗಿದ್ದಾರೆ ಎಂಬ ಮಾತಿಗೆ ಅಂದಿನಿಂದ ಬಾಯಿ ಕಟ್ಟಿತು. ಅದುವರೆಗೆ ಜೀವಂತ ಸಿಗಬಹುದೆಂದು ಹುಡುಕುತ್ತಿದ್ದ ಕುಟುಂಬಗಳಿಗೂ ಅದೇ ದಿನ ಬೇರೆಯೇ ಸತ್ಯ ಎದುರಾಯಿತು.

ತೆತ್ತ ಬೆಲೆ

ದಾಖಲೆ ಇಡುವುದು ಅಪಾಯದ ಕೆಲಸವಾಗಿತ್ತು. ಶಾಂತಿ ಸಮಿತಿಯ ಕಾನೂನು ವಿಭಾಗದ ಮುಖ್ಯಸ್ಥ ಹೊಸೆ ಸಲಾಕೆತ್ ಜೈಲು ಕಂಡು 1976ರಲ್ಲಿ ಗಡೀಪಾರಾದರು. ವಿಕರೀಯದ ಮುಖ್ಯಸ್ಥರಾಗಿದ್ದ ಸ್ಪೇನ್ ಮೂಲದ ಪಾದ್ರಿ ಇಗ್ನಾಸಿಯೊ ಗುತಿಯೆರೆಸ್ 1984ರಲ್ಲಿ ಪ್ರವಾಸ ಹೋದಾಗ ಅವರಿಗೆ ಮತ್ತೆ ದೇಶದೊಳಕ್ಕೆ ಪ್ರವೇಶ ಸಿಗಲಿಲ್ಲ.

ಎಲ್ಲಕ್ಕಿಂತ ಕ್ರೂರವಾದ ಪೆಟ್ಟು ಬಿದ್ದದ್ದು 1985ರ ಮಾರ್ಚ್‌ನಲ್ಲಿ. ವಿಕರೀಯದ ದಾಖಲೆ ವಿಭಾಗದ ಮುಖ್ಯಸ್ಥ ಹೊಸೆ ಮನುವೆಲ್ ಪರಾದಾ ಅವರನ್ನು ಶಿಕ್ಷಕ ಮನುವೆಲ್ ಗೆರೆರೊ ಜೊತೆ ಶಾಲೆಯೊಂದರ ಬಾಗಿಲಿನಿಂದಲೇ ಎಳೆದೊಯ್ದರು. ಕಲಾವಿದ ಸಾಂತಿಯಾಗೊ ನತ್ತೀನೊ ಹಿಂದಿನ ದಿನವೇ ಅಪಹರಣಕ್ಕೊಳಗಾಗಿದ್ದರು. ಮಾರ್ಚ್ 30ರಂದು ಮೂವರೂ ಕತ್ತು ಸೀಳಿದ ಶವಗಳಾಗಿ ಸಿಕ್ಕರು. ಕೊಂದವರು ಪೊಲೀಸ್ ಪಡೆಯ ಗುಪ್ತಚರ ಘಟಕದವರು. ಆ ಪ್ರಕರಣದ ಬಿಸಿಗೆ ಪೊಲೀಸ್ ಮುಖ್ಯಸ್ಥನೂ ಆಳುವ ಮಂಡಳಿಯ ಸದಸ್ಯನೂ ಆಗಿದ್ದ ಜನರಲ್ ಸೇಸರ್ ಮೆಂದೊಸಾ ಅದೇ ಆಗಸ್ಟ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಕಡತಗಳನ್ನು ಜೋಡಿಸುವ ಮನುಷ್ಯನನ್ನೇ ಹುಡುಕಿ ಕೊಂದರೆಂದರೆ ಆ ಕಡತಗಳಿಗೆ ಆಳುವವರು ಎಷ್ಟು ಹೆದರಿದ್ದರೆಂದು ತಿಳಿಯುತ್ತದೆ.

ಮರುವರ್ಷ ಗುಂಡೇಟು ತಿಂದ ಒಬ್ಬನಿಗೆ ಚಿಕಿತ್ಸೆ ಕೊಟ್ಟರೆಂದು ಸಂಸ್ಥೆಯ ವೈದ್ಯ ರಮಿರೊ ಒಲಿವಾರೆಸ್ ಮತ್ತು ವಕೀಲ ಗುಸ್ತಾವೊ ವಿಯಲೊಬೊಸ್ ಜೈಲು ಸೇರಿದರು. ಸೇನಾ ಅಭಿಯೋಜಕ ಅದೇ ನೆಪದಲ್ಲಿ ಸಂಸ್ಥೆಯ ವೈದ್ಯಕೀಯ ಕಡತಗಳನ್ನೆಲ್ಲ ಒಪ್ಪಿಸುವಂತೆ ಪಟ್ಟು ಹಿಡಿದ. ಆಗಿನ ಮುಖ್ಯಸ್ಥ ಬಿಷಪ್ ಸೆರ್ಖಿಯೊ ವಲೆಚ್ 1989ರಲ್ಲಿ ಕೊಡುವುದಿಲ್ಲವೆಂದು ನೇರವಾಗಿ ಹೇಳಿದರು. ನಂಬಿ ಬಂದವರ ಮೈಮೇಲಿನ ಗಾಯದ ವಿವರ ಗಾಯ ಮಾಡಿದವರ ಕೈಗೆ ಹೋಗಬಾರದೆಂಬ ನಿಲುವು ಅದು.

ಇಂಥ ಸಂಸ್ಥೆಯ ಚರಿತ್ರೆಯಲ್ಲಿ ಮುಚ್ಚಿಡಬಾರದ ಇನ್ನೊಂದು ಪುಟವಿದೆ. ವಿಕರೀಯದ ಮೊದಲ ಮುಖ್ಯಸ್ಥ ಕ್ರಿಸ್ತಿಯಾನ್ ಪ್ರೆಚ್ತ್ ಸರ್ವಾಧಿಕಾರದ ಕಾಲದಲ್ಲಿ ಧೈರ್ಯಕ್ಕೆ ಹೆಸರಾದವರು. ಲೈಂಗಿಕ ದೌರ್ಜನ್ಯದ ದೂರುಗಳ ಮೇಲೆ ಪೋಪ್ ಫ್ರಾನ್ಸಿಸ್ 2018ರಲ್ಲಿ ಅವರನ್ನು ಪೌರೋಹಿತ್ಯದಿಂದಲೇ ತೆಗೆದುಹಾಕಿದರು. ಪ್ರಭುತ್ವದ ಹಿಂಸೆಗೆ ಕಿವಿಯಾದ ಚರ್ಚ್ ತನ್ನೊಳಗಿನ ಹಿಂಸೆಗೆ ಬಹುಕಾಲ ಕಿವುಡಾಗಿತ್ತು. ಅದನ್ನು ಬಿಟ್ಟು ಬರೆದರೆ ವಿಕರೀಯ ಕಲಿಸಿದ ಪಾಠವನ್ನೇ ಮರೆತಂತೆ.

ಹೇಳಿಕೆಯೇ ಚಿಕಿತ್ಸೆ

ವಿಕರೀಯದ ಜೊತೆಜೊತೆಗೆ ಕೆಲಸ ಮಾಡಿದ ಇನ್ನೊಂದು ಸಂಸ್ಥೆ ಫಾಸಿಕ್. 1975ರಲ್ಲಿ ಪ್ರೊಟೆಸ್ಟಂಟ್ ಚರ್ಚುಗಳ ಮುಂದಾಳತ್ವದಲ್ಲಿ ಹುಟ್ಟಿದ ಕ್ರೈಸ್ತ ಸಮಾಜ ಸಹಾಯ ಪ್ರತಿಷ್ಠಾನ ಅದು. ಅಲ್ಲಿ 1977ರಿಂದ ಮನೋವೈದ್ಯಕೀಯ ತಂಡವೊಂದು ಕೆಲಸ ಮಾಡಿತು. ಅದರಲ್ಲಿದ್ದ ಮನಶ್ಶಾಸ್ತ್ರಜ್ಞೆಯರು ಎಲಿಸಬೆತ್ ಲಿರಾ ಮತ್ತು ಎವುಖೆನಿಯಾ ವೈನ್‌ಸ್ಟೈನ್. ಬಂದವರ ಹೇಳಿಕೆಗಳನ್ನು ಅವರು ದೂರು ಕೊಡುವುದಕ್ಕೆಂದು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಹಾಗೆ ಹೇಳಿದವರ ಮೈಮನಸ್ಸು ಹಗುರಾಗುವುದು ಅವರ ಗಮನಕ್ಕೆ ಬಂತು.

ಅದರಿಂದ ಒಂದು ವಿಧಾನ ರೂಪುಗೊಂಡಿತು. ಹಿಂಸೆ ಅನುಭವಿಸಿದವರು ನಿಧಾನವಾಗಿ, ಮೊದಲಿನಿಂದ, ಹಿಂಸೆಗೆ ಮುಂಚಿನ ತಮ್ಮ ಬದುಕನ್ನೂ ಸೇರಿಸಿ ಹೇಳಬೇಕು. ಧ್ವನಿಮುದ್ರಿಕೆ ಬರಹಕ್ಕಿಳಿಯುತ್ತದೆ. ಹೇಳಿದವರೂ ಚಿಕಿತ್ಸಕರೂ ಕೂಡಿ ಕೂತು ಅದನ್ನು ಓದಿ, ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ ಪೂರ್ತಿ ಮಾಡುತ್ತಾರೆ. ಕೊನೆಯ ಪ್ರತಿ ಹೇಳಿದವರ ಸೊತ್ತು. ಬೇಕಾದರೆ ದೂರಾಗಿ ಬಳಸಬಹುದು, ಮನೆಯವರಿಗೆ ಕೊಡಬಹುದು. ಹಿಂಸಾಕೋಣೆಯಲ್ಲಿ ಬಾಯಿ ಬಿಡಿಸಿದ ಮಾತು ಗೆಳೆಯರಿಗೇ ಮುಳುವಾಗಿತ್ತು. ಇಲ್ಲಿ ಅದೇ ಬಾಯಿಯಿಂದ ಬಂದ ಮಾತು ಹಿಂಸಿಸಿದವನ ಮೇಲಿನ ಆರೋಪವಾಯಿತು. ಈ ಅದಲುಬದಲಿನಲ್ಲೇ ಚಿಕಿತ್ಸೆಯ ಗುಣವಿತ್ತು. ಲಿರಾ ಮತ್ತು ವೈನ್‌ಸ್ಟೈನ್ 1983ರಲ್ಲಿ ಈ ಅನುಭವವನ್ನು ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಪಿನೊಶೆ ಇನ್ನೂ ಗದ್ದುಗೆಯ ಮೇಲಿದ್ದ ಕಾರಣ ಸಿಯೆನ್‌ಫುವೆಗೊಸ್ ಮತ್ತು ಮೊನೆಲಿ ಎಂಬ ಸುಳ್ಳು ಹೆಸರು ಇಟ್ಟುಕೊಂಡರು.

ಅವರ ಇನ್ನೊಂದು ನಿಲುವು ಆ ಕಾಲದ ವೈದ್ಯಶಾಸ್ತ್ರಕ್ಕೆ ಹೊಸದು. ಚಿಕಿತ್ಸಕರು ತಟಸ್ಥರಾಗಿರಬೇಕೆಂಬ ನಿಯಮ ಇಲ್ಲಿ ನಡೆಯದು ಎಂದರು ಅವರು. ಎದುರಿಗಿರುವವರ ಕಾಯಿಲೆಯ ಮೂಲ ಅವರ ಬಾಲ್ಯದಲ್ಲಿಲ್ಲ, ಪೊಲೀಸರ ನೆಲಮಾಳಿಗೆಯಲ್ಲಿದೆ. ನಡೆದದ್ದು ಅಪರಾಧ ಎಂದು ಚಿಕಿತ್ಸಕರು ಬಾಯಿಬಿಟ್ಟು ಹೇಳದಿದ್ದರೆ ರೋಗಿಯ ಪಾಲಿಗೆ ಅವರೂ ಸುಮ್ಮನಿದ್ದ ನ್ಯಾಯಾಧೀಶರ ಸಾಲಿಗೆ ಸೇರುತ್ತಾರೆ.

ಆಯೋಗಗಳ ಕಾಲ

1988ರ ಅಕ್ಟೋಬರ್ 5ರ ಜನಮತಗಣನೆಯಲ್ಲಿ ಪಿನೊಶೆ ಸೋತ. 1990ರ ಮಾರ್ಚ್‌ನಲ್ಲಿ ಪಟ್ರಿಸಿಯೊ ಐಲ್ವಿನ್ ಅಧ್ಯಕ್ಷರಾದರು. ಪಿನೊಶೆ ಮಾತ್ರ ಸೇನಾ ಮುಖ್ಯಸ್ಥನಾಗಿ 1998ರವರೆಗೂ ಮುಂದುವರಿದ. ಕ್ಷಮಾದಾನದ ಕಾನೂನು ಹಾಗೇ ಉಳಿಯಿತು. ಆ ಇಕ್ಕಟ್ಟಿನಲ್ಲೇ ಐಲ್ವಿನ್ ಹಿರಿಯ ವಕೀಲ ರಾವುಲ್ ರೆತಿಗ್ ನೇತೃತ್ವದಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗ ನೇಮಿಸಿದರು. ಗಡೀಪಾರಾಗಿದ್ದ ಸಲಾಕೆತ್ ಅದರ ಸದಸ್ಯರಾಗಿ ಬಂದರು. ಒಂಬತ್ತು ತಿಂಗಳಲ್ಲಿ ದೇಶದುದ್ದದ ಚರಿತ್ರೆ ಬರೆಯುವುದು ಆಯೋಗಕ್ಕೆ ಸಾಧ್ಯವಾದದ್ದು ವಿಕರೀಯದ ಕಪಾಟುಗಳಿಂದ. 1991ರ ಫೆಬ್ರುವರಿಯ ವರದಿ 2,279 ಮಂದಿಯ ಸಾವು ಮತ್ತು ಕಣ್ಮರೆಯನ್ನು ಹೆಸರು ಸಮೇತ ದಾಖಲಿಸಿತು. ಐಲ್ವಿನ್ ದೂರದರ್ಶನದಲ್ಲಿ ರಾಷ್ಟ್ರದ ಪರವಾಗಿ ಕುಟುಂಬಗಳ ಕ್ಷಮೆ ಕೇಳುವಾಗ ಅವರ ದನಿ ನಡುಗಿತ್ತು. 1992ರ 19,123ನೇ ಕಾನೂನು ಸಂತ್ರಸ್ತ ಕುಟುಂಬಗಳಿಗೆ ಪಿಂಚಣಿ, ಮಕ್ಕಳಿಗೆ ವಿದ್ಯಾಭ್ಯಾಸದ ನೆರವು ಕೊಟ್ಟಿತು. ‘ಪ್ರಾಯಿಸ್’ ಎಂಬ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತ್ರಸ್ತರಿಗೆ ದೈಹಿಕ, ಮಾನಸಿಕ ಚಿಕಿತ್ಸೆಯ ತಂಡಗಳು ಏರ್ಪಟ್ಟವು. ಚರ್ಚಿನ ಮರೆಯಲ್ಲಿ ಗುಟ್ಟಾಗಿ ನಡೆಯುತ್ತಿದ್ದ ಕೆಲಸ ಸರ್ಕಾರದ ಹೊಣೆಯಾಯಿತು.

ಈ ಏರ್ಪಾಡಿನಲ್ಲಿ ಒಂದು ದೊಡ್ಡ ಗುಂಪು ಹೊರಗುಳಿಯಿತು. ರೆತಿಗ್ ಆಯೋಗದ ವ್ಯಾಪ್ತಿಗೆ ಬಂದವರು ಸತ್ತವರು, ಕಾಣೆಯಾದವರು ಮಾತ್ರ. ಚಿತ್ರಹಿಂಸೆ ಅನುಭವಿಸಿ ಬದುಕಿ ಬಂದವರ ಮಾತು ಕೇಳಲು ಇನ್ನೂ ಹದಿಮೂರು ವರ್ಷ ಹಿಡಿಯಿತು. 2003ರಲ್ಲಿ ಅಧ್ಯಕ್ಷ ರಿಕಾರ್ದೊ ಲಾಗೊಸ್ ಅದಕ್ಕೊಂದು ಆಯೋಗ ರಚಿಸಿ, ವಿಕರೀಯದ ಕಡತಗಳನ್ನು ಬಿಟ್ಟುಕೊಡದ ಅದೇ ಬಿಷಪ್ ವಲೆಚ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಸುಮಾರು 35,000 ಜನ ಬಂದು ಹೇಳಿಕೆ ಕೊಟ್ಟರು. ಮೂವತ್ತು ವರ್ಷ ಹೆಂಡತಿಗೂ ಹೇಳದಿದ್ದವರು, ಅತ್ಯಾಚಾರವನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ ಹೆಂಗಸರು ಅವರಲ್ಲಿದ್ದರು. 2004ರ ವರದಿ 27,255 ಮಂದಿಯನ್ನು ಸಂತ್ರಸ್ತರೆಂದು ಗುರುತಿಸಿತು. ಮುಂದಿನ ಮರುಪರಿಶೀಲನೆ ಮತ್ತು 2010–11ರ ಎರಡನೇ ಆಯೋಗ ಸೇರಿ ಆ ಸಂಖ್ಯೆ 38,254ಕ್ಕೆ ಏರಿತು.

ಇಲ್ಲಿ ದಾಖಲೆಯ ಪ್ರಶ್ನೆ ತೊಡಕಿನ ರೂಪ ತಾಳಿತು. 19,992ನೇ ಕಾನೂನು ಈ ಹೇಳಿಕೆಗಳನ್ನು 50 ವರ್ಷ ಮುಚ್ಚಿಟ್ಟಿತು. ಹೇಳಿದವರು ತಮ್ಮದನ್ನು ತಾವೇ ಬಹಿರಂಗಪಡಿಸಬಹುದು. ನ್ಯಾಯಾಲಯಗಳಿಗೆ ಮಾತ್ರ ಅದು ಬಾಗಿಲು ತೆರೆಯಲಿಲ್ಲ. ಗುಟ್ಟು ಕಾಪಾಡುತ್ತೇವೆಂಬ ಭರವಸೆಯಿಂದಲೇ ಅನೇಕರು ಬಾಯಿಬಿಟ್ಟರು ಎಂದು ಒಂದು ಬಣ. ಮುಚ್ಚಿದ ಕಡತ ಹಿಂಸಿಸಿದವರಿಗೇ ರಕ್ಷಣೆ ಎಂದು ಇನ್ನೊಂದು ಬಣ. ಇಬ್ಬರೂ ಸಂತ್ರಸ್ತರೇ. 1989ರಲ್ಲಿ ಕಡತ ಕೊಡದಿರುವುದು ಧೈರ್ಯ, ಏಕೆಂದರೆ ಕೇಳಿದವನು ಹಿಂಸೆಯ ಪಕ್ಷದವನು. 2004ರಲ್ಲಿ ಕೇಳುತ್ತಿದ್ದದ್ದು ಪ್ರಜಾಪ್ರಭುತ್ವದ ನ್ಯಾಯಾಲಯ. ಹೇಳಿದವರನ್ನೇ ಒಬ್ಬೊಬ್ಬರಾಗಿ ಕೇಳಿ, ಒಪ್ಪಿದವರ ಕಡತವನ್ನು ತೆರೆದಿಡುವ ದಾರಿ ಇತ್ತು. ಆ ದಾರಿಯಲ್ಲಿ ಆಗ ಯಾರೂ ಹೋಗಲಿಲ್ಲ.

ಸಾಮರಸ್ಯವೆಂಬ ಅವಸರ

ಹೊಸ ಸರ್ಕಾರಗಳಿಗೆ, ಕೆಲವು ಬಿಷಪ್ಪರಿಗೆ ಸಾಮರಸ್ಯದ ಅವಸರವಿತ್ತು. ಕಾಣೆಯಾದವರ ಕುಟುಂಬಗಳಿಗೆ ಆ ಅವಸರ ಇರಲಿಲ್ಲ. ಸತ್ತಿದ್ದಾನೆಂದು ಎಳ್ಳುನೀರು ಬಿಡುವಂತಿಲ್ಲ, ಇದ್ದಾನೆಂದು ಕಾಯುವಂತಿಲ್ಲ, ಇಂಥ ಸ್ಥಿತಿಯಲ್ಲಿರುವವರಿಗೆ ಯಾರೊಡನೆ ರಾಜಿಯಾಗಬೇಕೆಂಬುದೇ ತಿಳಿಯದು.

ಅವಸರ ಏನು ಮಾಡಿತೆಂಬುದಕ್ಕೆ ಎರಡು ನಿದರ್ಶನ. ಸ್ಯಾಂಟಿಯಾಗೊದ ಸಾರ್ವಜನಿಕ ಸ್ಮಶಾನದ 29ನೇ ಅಂಗಳದಲ್ಲಿ ಹೆಸರಿಲ್ಲದೆ ಹೂತಿದ್ದ ಶವಗಳನ್ನು 1991ರಲ್ಲಿ ತೆಗೆದು, ಮುಂದಿನ ವರ್ಷಗಳಲ್ಲಿ 96 ಮಂದಿಯನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಿದರು. ಅವರಲ್ಲಿ 48 ಮಂದಿಯ ಗುರುತು ತಪ್ಪೆಂದು 2006ರಲ್ಲಿ ಸರ್ಕಾರವೇ ಹೇಳಿತು. ಹತ್ತು ಹದಿನೈದು ವರ್ಷ ಹೂವಿಟ್ಟ ಸಮಾಧಿಯಲ್ಲಿ ಬೇರೆಯವರ ಮಗನಿದ್ದ. ಇನ್ನೊಂದು, 1999ರಲ್ಲಿ ಆರಂಭವಾದ ಸಂವಾದ ಸಭೆ. ಸೇನೆ, ಚರ್ಚ್, ಮಾನವ ಹಕ್ಕುಗಳ ವಕೀಲರು ಒಂದೇ ಮೇಜಿನ ಸುತ್ತ ಕೂತರು. 2001ರ ಆರಂಭದಲ್ಲಿ ಸೇನೆ ಸುಮಾರು 200 ಮಂದಿಯ ಗತಿ ತಿಳಿಸಿತು. ಹೆಚ್ಚಿನವರನ್ನು ಸಮುದ್ರಕ್ಕೆ, ನದಿಗೆ, ಕೆರೆಗೆ ಎಸೆಯಲಾಗಿದೆ ಎಂದಿತು. ಸಮುದ್ರಕ್ಕೆ ಎಸೆದರೆಂದು ಬರೆದಿದ್ದವರ ಮೂಳೆಗಳು ಆಮೇಲೆ ನೆಲದಲ್ಲಿ ಸಿಕ್ಕವು.

ನ್ಯಾಯಾಲಯಗಳ ದಾರಿ ಬೇರೆಯಾಗಿತ್ತು. ಅಪಹರಣಕ್ಕೊಳಗಾದವನು ಜೀವಂತವಾಗಿಯೋ ಶವವಾಗಿಯೋ ಸಿಗುವವರೆಗೆ ಆ ಅಪರಾಧ ಮುಗಿದಿಲ್ಲ. ಮುಗಿಯದ ಅಪರಾಧಕ್ಕೆ 1978ರ ಕ್ಷಮಾದಾನ ತಗಲುವುದಿಲ್ಲ. ನ್ಯಾಯಾಧೀಶ ಹುವಾನ್ ಗುಸ್ಮಾನ್ ಹಿಡಿದ ಈ ತರ್ಕವನ್ನು ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಿತು. 2004ರ ನವೆಂಬರ್‌ನಲ್ಲಿ ಮಿಗೆಲ್ ಏಂಖೆಲ್ ಸಂದೊವಾಲ್ ಎಂಬ ದರ್ಜಿಯ ಕಣ್ಮರೆ ಪ್ರಕರಣದಲ್ಲಿ ರಹಸ್ಯ ಪೊಲೀಸ್ ಪಡೆಯ ಮುಖ್ಯಸ್ಥನಾಗಿದ್ದ ಮನುವೆಲ್ ಕೊಂತ್ರೆರಾಸ್‌ನ ಶಿಕ್ಷೆಯನ್ನು ಅದು ಎತ್ತಿಹಿಡಿಯಿತು. ಇಪ್ಪತ್ತೈದು ಮೂವತ್ತು ವರ್ಷದ ಹಿಂದೆ ವಜಾ ಆಗಿದ್ದ ಅರ್ಜಿಗಳು ಇಂಥ ಮೊಕದ್ದಮೆಗಳಲ್ಲಿ ಮತ್ತೆ ಜೀವ ಪಡೆದವು. ಬಂಧನದ ದಿನ, ಸ್ಥಳ, ಸಾಕ್ಷಿ ಎಲ್ಲವೂ ಅವುಗಳಲ್ಲಿದ್ದವು. ವಿಕರೀಯದ ಕಡತಗಳನ್ನು ಈಗ ಕಾಪಾಡುತ್ತಿರುವುದು ಅದಕ್ಕೆಂದೇ ಚರ್ಚ್ ಸ್ಥಾಪಿಸಿದ ಪ್ರತಿಷ್ಠಾನ. ಚಿಲಿಯ ಇತರ ಮಾನವ ಹಕ್ಕು ದಾಖಲೆಗಳ ಜೊತೆ ಅವು 2003ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದವು.

2023ರ ಆಗಸ್ಟ್ 30ರಂದು ಅಧ್ಯಕ್ಷ ಗೇಬ್ರಿಯಲ್ ಬೋರಿಚ್ ರಾಷ್ಟ್ರೀಯ ಶೋಧ ಯೋಜನೆಗೆ ಸಹಿ ಹಾಕಿದರು. ಕಣ್ಮರೆಗೊಳಗಾದ 1,469 ಮಂದಿಯಲ್ಲಿ ಅಲ್ಲಿಯವರೆಗೆ ಸಿಕ್ಕಿ ಗುರುತಾದವರು 307. ಹುಡುಕುವ ಹೊಣೆ ಅದುವರೆಗೆ ಇದ್ದದ್ದು ಮನೆಯವರ ಮೇಲೆ. ಕಲಾಮಾ ಊರಿನ ಹೆಂಗಸರು ಸಲಿಕೆ ಹಿಡಿದು ಅಟಕಾಮಾ ಮರುಭೂಮಿಯನ್ನು ವರ್ಷಗಟ್ಟಲೆ ಅಗೆದದ್ದು ಅದಕ್ಕಾಗಿಯೇ. ದಂಗೆಯ ಐವತ್ತನೇ ವರ್ಷದಲ್ಲಿ ಸರ್ಕಾರ ಮೊದಲ ಬಾರಿಗೆ ಆ ಸಲಿಕೆಯನ್ನು ತಾನು ಎತ್ತಿಕೊಂಡಿತು.

ನಮ್ಮ ಲೆಕ್ಕಕ್ಕೆ ಬರುವ ಮಾತು

ಲಿರಾ ಮತ್ತು ವೈನ್‌ಸ್ಟೈನ್ ರೂಪಿಸಿದ ಹೇಳಿಕೆಯ ಚಿಕಿತ್ಸೆ ಭಾರತಕ್ಕೂ ಬಂದಿದೆ. ವಾರಾಣಸಿಯ ಪೀಪಲ್ಸ್ ವಿಜಿಲೆನ್ಸ್ ಕಮಿಟಿ ಆನ್ ಹ್ಯೂಮನ್ ರೈಟ್ಸ್ ಸಂಸ್ಥೆ ಡೆನ್ಮಾರ್ಕಿನ ತಜ್ಞರ ನೆರವಿನಿಂದ 2008ರ ಹೊತ್ತಿಗೆ ಅದನ್ನು ಪೊಲೀಸ್ ಹಿಂಸೆ ಅನುಭವಿಸಿದ ಬಡವರ ನಡುವೆ ಆರಂಭಿಸಿತು. ಅಲ್ಲಿ ಅದಕ್ಕೊಂದು ಹೊಸ ಅಂಗ ಸೇರಿತು. ಬರೆದು ಮುಗಿಸಿದ ಹೇಳಿಕೆಯನ್ನು ಊರವರ ಎದುರು ಓದಿ, ಹೇಳಿದವರನ್ನು ಗೌರವಿಸಿ, ಅವರ ಕೈಗೆ ಕೊಡುವ ಸಮಾರಂಭ. ಮಾನ ಕಳೆದದ್ದು ಊರ ಎದುರಿಗಾದರೆ, ಮರಳಿ ಬರುವುದೂ ಊರ ಎದುರಿಗೇ ಎಂಬ ತಿಳಿವಳಿಕೆ ಅದರಲ್ಲಿದೆ.

ಕಾನೂನಿನ ಲೆಕ್ಕ ಮಾತ್ರ ಬಾಕಿಯಿದೆ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಇನ್ನೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ರಾಜ್ಯಸಭೆಯಲ್ಲಿ ನಿಂತು ಬಿದ್ದುಹೋಯಿತು. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು. ಇದೇ ಒಡಂಬಡಿಕೆಯನ್ನು ಚಿಲಿ ಅನುಮೋದಿಸಿದ್ದು 1988ರ ಸೆಪ್ಟೆಂಬರ್‌ನಲ್ಲಿ, ಪಿನೊಶೆಯ ಆಡಳಿತದಲ್ಲೇ. ಹೊರಗಿನವರಿಗೆ ಒಳ್ಳೆಯವರೆನಿಸಿಕೊಳ್ಳಲು ಹಾಕಿದ ಆ ಮೊಹರು ಹತ್ತು ವರ್ಷದ ನಂತರ ಅವನ ಕೊರಳಿಗೇ ಬಂತು. 1998ರಲ್ಲಿ ಲಂಡನ್‌ನಲ್ಲಿ ಬಂಧನಕ್ಕೊಳಗಾದಾಗ, ಮಾಜಿ ರಾಷ್ಟ್ರಮುಖ್ಯಸ್ಥನೆಂಬ ರಕ್ಷಣೆ ಚಿತ್ರಹಿಂಸೆಯ ಆರೋಪಕ್ಕೆ ಸಲ್ಲದೆಂದು ಬ್ರಿಟನ್ನಿನ ನ್ಯಾಯಾಧೀಶರು ತೀರ್ಪಿತ್ತದ್ದು ಆ ಒಡಂಬಡಿಕೆಯ ಬಲದಿಂದ.

ವಿಕರೀಯದ ಐವತ್ತು ವರ್ಷ ಹೇಳುವುದು ಇಷ್ಟು. ನೊಂದವರನ್ನು ಕ್ಷಮಿಸಿ ಎಂದು ಕೇಳುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ಅವರು ಹೇಳಿದ್ದನ್ನು ಅಂದೇ ಬರೆದು, ಒಂದು ಪ್ರತಿಯನ್ನು ಅವರ ಕೈಗಿತ್ತು, ಇನ್ನೊಂದನ್ನು ನ್ಯಾಯಾಲಯ ಕೇಳುವ ದಿನದವರೆಗೆ ಜೋಪಾನ ಮಾಡುವ ಕರ್ತವ್ಯ ಮಾತ್ರ ಇದೆ. ಅದಕ್ಕೆ ದೊಡ್ಡ ಕಟ್ಟಡ ಬೇಡ, ಸರ್ಕಾರದ ಅಪ್ಪಣೆಯೂ ಬೇಡ. ನಂಬಿಕೆಗೆ ಅರ್ಹರಾದ ನಾಲ್ಕು ಜನ ಬೇಕು, ಬೀಗ ಭದ್ರವಾಗಿರುವ ಕಪಾಟು ಬೇಕು.